ಬಂದರಿನ ಬದಿಯ ಹಳೇ ಮನೆ ಕೊಳ್ಳಬಹುದಾ?

ಪ್ರಶ್ನೆ: ನಮ್ಮ ಮೂಲ ಕುಮಟಾ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ತದಡಿ ಬಂದರಿನ ಹತ್ತಿರ ಒಂದು ದೊಡ್ಡ ಹಳೇ ಮನೆ ಮಾರಾಟಕ್ಕಿದೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಹಲಸಿನ ಕಂಬದ ಜಗಲಿ. ಹಿಂದೆ ತೆಂಗಿನ ತೋಟ, ಅದರಾಚೆ ಗಜನಿ (ಉಬ್ಬರದ ಉಪ್ಪುನೀರು ಬರುವ ಗದ್ದೆ), ಆಮೇಲೆ ಹೊಳೆ. ಹಾಯಿ ಹಡಗಿನ ಕಾಲದ ಹತ್ತಿ ಸಾಹುಕಾರರ ಮನೆ, 300 ವರ್ಷ ಆಗಿದೆ, ಅದಕ್ಕೇ ಈ ರೇಟು ಅಂತ ದಲ್ಲಾಳಿ ಹೇಳುತ್ತಾನೆ. ನಿವೃತ್ತಿಯಾದ ಮೇಲೆ ಅಲ್ಲೇ ಇದ್ದು ಹೊಳೆ ಬದಿಗೆ ಎರಡು ಕಾಟೇಜ್ ಕಟ್ಟುವ ಆಸೆ. ಮುಂದುವರಿಯಬಹುದಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮುಂದುವರಿಯಿರಿ. ಆದರೆ ಕಾಟೇಜ್ ಆಸೆ ಈಗಲೇ ಬಿಟ್ಟುಬಿಡಿ, 300 ವರ್ಷದ ಹೆಸರಲ್ಲಿ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ದಲ್ಲಾಳಿಯ ಕಥೆಯಲ್ಲೇ ಲೆಕ್ಕ ಕೂಡುವುದಿಲ್ಲ ನೋಡಿ. ಈ ಕಡೆ ಹತ್ತಿ ವ್ಯಾಪಾರ ಜೋರಾಗಿದ್ದದ್ದು 19ನೇ ಶತಮಾನದಲ್ಲಿ. ಧಾರವಾಡ ಸೀಮೆಯ ಹತ್ತಿ ಎತ್ತಿನ ಮೇಲೆ, ಗಾಡಿ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು, ಅಲ್ಲಿಂದ ಪತ್ತೆಮಾರಿ ಅನ್ನುವ ಹಾಯಿ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ಇಲ್ಲಿಯ ಸಾಹುಕಾರರ ಕೈಗೆ ಒಳ್ಳೇ ದುಡ್ಡು ಬಂತು. 1880ರ ದಶಕದಲ್ಲಿ ಗೋವೆಯ ಮುರಗಾಂವ್ ಬಂದರಿಗೆ ರೈಲು ಆಯಿತು, ಇಲ್ಲಿಯ ವ್ಯಾಪಾರ ಇಳಿಯಿತು. ಹಾಗಾಗಿ ಹತ್ತಿ ದುಡ್ಡಲ್ಲಿ ಕಟ್ಟಿದ ಮನೆ ಅನ್ನುವುದು ನಿಜವಾದರೆ ಅದರ ವಯಸ್ಸು 150ರ ಆಸುಪಾಸು, ಜಾಸ್ತಿ ಅಂದರೆ 200. ಮಾಡಿನ ಒಂದು ಹಂಚು ಇಳಿಸಿ ಹಿಂಬದಿ ನೋಡಿ, ಕಾರ್ಖಾನೆಯ ಮುದ್ರೆ ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರುಮಾಡಿದ್ದೇ 1865ರಲ್ಲಿ. (ಹುಲ್ಲಿನ ಮಾಡಿಗೆ ಆಮೇಲೆ ಹಂಚು ಹೊದಿಸಿರಲೂಬಹುದು, ಅದು ಬೇರೆ ಮಾತು.)

ನಾನಾದರೆ ಮೊದಲು ಕೇಳುವುದು, ಸಹಿ ಹಾಕುವವರು ಎಷ್ಟು ಜನ ಅಂತ. ಇಂಥ ಮನೆ ಒಬ್ಬರ ಹೆಸರಲ್ಲಿ ಇರುವುದು ಅಪರೂಪ. ಖಾತೆ ಅಜ್ಜನ ಹೆಸರಲ್ಲೇ ಉಳಿದಿರುತ್ತದೆ, ಪಾಲು ಆಗಿರುವುದಿಲ್ಲ, ಒಬ್ಬ ಮಗ ಊರಲ್ಲಿ, ಇನ್ನೊಬ್ಬ ಮುಂಬಯಿಯಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಯಾರೂ ಕೇಳಿಯೇ ಇರುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪಾಲುಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಆ ಪಾಲನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ವಂಶವೃಕ್ಷ ತರಿಸಿ, ಒಂದೊಂದು ಹೆಸರಿನ ಮುಂದೆ ಬೆರಳಿಟ್ಟು ಇವರ ಸಹಿ ಎಲ್ಲಿ ಅಂತ ಕೇಳಿ. ‘ತಂಗಿ ಏನೂ ಹೇಳೂದಿಲ್ಲ, ಅವಳು ನಮ್ಮವಳೇ ಅಲ್ವಾ’ ಅಂದರೆ ಚಹಾ ಕುಡಿದು ಎದ್ದು ಬನ್ನಿ, ಅಡ್ವಾನ್ಸ್ ಮಾತ್ರ ಕೊಡಬೇಡಿ.

ತೋಟದ ವಿಷಯ ಇನ್ನೂ ಸೂಕ್ಷ್ಮ. ಉತ್ತರ ಕನ್ನಡದಲ್ಲಿ ಗೇಣಿ ಜಮೀನು ಬಹಳ ಇತ್ತು. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರಕಾರಕ್ಕೆ ಸೇರಿ, ಆಮೇಲೆ ಅರ್ಜಿ ಹಾಕಿದ ಗೇಣಿದಾರರಿಗೆ ಹೋಯಿತು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಕಂಡಿತು ಅಂತ ಖುಷಿಪಡಬೇಡಿ. 11ನೇ ಕಾಲಂ (ಇತರ ಹಕ್ಕು, ಋಣ) ಮತ್ತು 12ನೇ ಕಾಲಂ (ಸಾಗುವಳಿ ಮಾಡುವವರ ಹೆಸರು) ಓದಿ, ತಾಲೂಕು ಕಚೇರಿಯಿಂದ 70ರ ದಶಕದ ಕೈಬರಹದ ಪಹಣಿಯನ್ನೂ ತೆಗೆಸಿ. ತೋಟದ ಮೂಲೆಯಲ್ಲಿ ಸಣ್ಣ ಮನೆಯೊಂದು ಕಂಡರೆ ಅವರ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಮಾತಾಡಿ. ದಲ್ಲಾಳಿ ಹೇಳದ್ದು ಅಲ್ಲಿ ಸಿಗುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಅನ್ನುವ ಅಡ್ಡಿ 2020ರಲ್ಲೇ ಹೋಗಿದೆ, ಆ ಚಿಂತೆ ನಿಮಗೆ ಬೇಡ.

ಇನ್ನು ಕಾಟೇಜ್. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ, ದಡದ ಹತ್ತಿರ ಕಟ್ಟಡಕ್ಕೆ ಕಡಿವಾಣ ಹಾಕುವ ನಿಯಮ) ಸಮುದ್ರಕ್ಕೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಉಬ್ಬರದ ನೀರು ಏರುವ ಹೊಳೆಗೂ ಅದು ಇದೆ. ಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಸಿಗುವವರೆಗೂ ಹೊಳೆಯ ದಡಕ್ಕೆ ಅದೇ ಕಾನೂನು, ತದಡಿಯಂತೂ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲೇ ಇದೆ. 2019ರ ಅಧಿಸೂಚನೆ ಪ್ರಕಾರ ಇಂಥ ಕಡೆ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ಸಿಆರ್‌ಝಡ್ ಒಳಗೆ ಬರುತ್ತದೆ. ಪಕ್ಕದ ಸರಕಾರಿ ಜಾಗದಲ್ಲಿ 1000 ಚದರ ಮೀಟರ್‌ಗಿಂತ ಜಾಸ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದ್ದರೆ ಅದರ ಅಂಚಿನಿಂದ ಮತ್ತೆ 50 ಮೀಟರ್ ಬಿಡಬೇಕು. ಸಾಲದ್ದಕ್ಕೆ 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಗಿದೆ. ಇರುವ ಅಧಿಕೃತ ಮನೆಯನ್ನು ಅದೇ ಪಾಯದ ಅಳತೆಯಲ್ಲಿ ರಿಪೇರಿ ಮಾಡಲು ಅವಕಾಶ ಇದೆ. ಅದನ್ನೂ ಬಾಯಿಮಾತಲ್ಲಿ ನಂಬಬೇಡಿ, ಕಾರವಾರದ ಪರಿಸರ ಇಲಾಖೆ ಕಚೇರಿಗೆ ಸರ್ವೆ ನಂಬರ್ ಕೊಟ್ಟು ನಕ್ಷೆಯಲ್ಲಿ ಮನೆ ಎಲ್ಲಿ ಬಿದ್ದಿದೆ ನೋಡಿಕೊಳ್ಳಿ. ಗಜನಿಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯಿರಿ, ಇಲ್ಲಾ ಬೆಳೆಯುವವರಿಗೆ ಕೊಡಿ. ಮಣ್ಣು ತುಂಬಿಸುವ ಯೋಚನೆ ಬೇಡವೇ ಬೇಡ.

ಮನೆಯನ್ನು ಡಿಸೆಂಬರಿನಲ್ಲಿ ನೋಡಿ ಒಪ್ಪಬೇಡಿ, ಆಗ ಎಲ್ಲ ಮನೆಯೂ ಚೆಂದ. ಜುಲೈಯಲ್ಲಿ ಬನ್ನಿ, ಗೋಡೆಯೊಳಗೆ ಕೂತ ತೊಲೆಯ ತುದಿಗೆ ಚಾಕು ಚುಚ್ಚಿ ನೋಡಿ. ಸೋರಿದ ನೀರು ನಿಲ್ಲುವುದೂ ಅಲ್ಲೇ, ಒರಲೆ (ಗೆದ್ದಲು) ಹಿಡಿಯುವುದೂ ಅಲ್ಲೇ. ಚಿರೇಕಲ್ಲಿಗೆ ಯಾರಾದರೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರೆ ಅದನ್ನು ತೆಗೆಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕಲ್ಲು ಹೀರಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆ ಒಳಗಿಂದ ಪುಡಿಯಾಗುತ್ತದೆ. ಹಳಬರು ಚಿಪ್ಪು ಸುಟ್ಟ ಸುಣ್ಣದ ಗಾರೆ ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

ಪ್ರಶ್ನೆ: ಹೊನ್ನಾವರದ ಹತ್ತಿರದ ಅಜ್ಜನ ಮನೆ ಮಾರುತ್ತಿದ್ದೇವೆ. ಕೆತ್ತನೆಯ ಬಾಗಿಲು, ಕಂಬ ಬಿಚ್ಚಿ ಬೇರೆಯಾಗಿ ಮಾರಿದರೆ ಜಾಸ್ತಿ ಸಿಗುತ್ತದೆ ಅಂತ ಒಬ್ಬರು ಬೆನ್ನು ಹತ್ತಿದ್ದಾರೆ. ಕೊಡಲಾ?
— ಓದುಗರೊಬ್ಬರು, ಶಿರಸಿ

ಉತ್ತರ: ಜಾಸ್ತಿ ಸಿಗುವುದು ಯಾರಿಗೆ ಅಂತ ಮೊದಲು ಕೇಳಿ. ಕಂಬ ಬಿಚ್ಚಿದ ದಿನವೇ ಮನೆ ಹೋಯಿತು, ಮಾಡು ನಿಂತಿರುವುದೇ ಅದರ ಮೇಲೆ. ಉಳಿಯುವುದು ನೆಲದ ರೇಟು. ಮನೆಯೇ ಬೇಕು ಅನ್ನುವ ಗಿರಾಕಿಗಾಗಿ ಒಂದೆರಡು ವರ್ಷ ಕಾಯುವ ತಾಕತ್ತು ನಿಮಗಿದ್ದರೆ ಕಾಯಿರಿ. ಇಲ್ಲ, ಬೀಳುವ ಸ್ಥಿತಿಗೇ ಬಂದಿದೆ ಅಂದರೆ ಇಡಿಯಾಗಿ ಒಯ್ಯುವವರನ್ನು ಹುಡುಕಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹೀಗೆ ಬೇರೆ ಬೇರೆ ಊರಿನ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ, ಒಮ್ಮೆ ಹೋಗಿ ನೋಡಿದರೆ ಬಿಚ್ಚುವುದಕ್ಕೂ ಕೀಳುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಇನ್ನೊಂದು, ಸಾಗವಾನಿ ಎಷ್ಟೇ ಹಳೆಯದಾಗಿರಲಿ, ಲಾರಿಗೆ ಹೇರುವ ಮೊದಲು ಪಾಸ್ ಬೇಕಾ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ತನಿಖಾ ಠಾಣೆಯಲ್ಲಿ ‘ಇದು ಅಜ್ಜನ ಕಾಲದ್ದು’ ಅಂದರೆ ನಡೆಯುವುದಿಲ್ಲ.

ಪ್ರಶ್ನೆ: ಸಣ್ಣ ಹಾಯಿ ದೋಣಿ ಇಟ್ಟುಕೊಳ್ಳುವ ಹುಚ್ಚು. ಅದಕ್ಕೆ ಹತ್ತಿರ ಆಗುವಂಥ ಮನೆ ಕಾರವಾರದಲ್ಲಿ ನೋಡಲಾ, ಹೊನ್ನಾವರದಲ್ಲಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕಾರವಾರ. ಬೈತಖೋಲದ ಕಡೆ ಗುಡ್ಡ ಅಡ್ಡ ಇರುವುದರಿಂದ ಗಾಳಿಗೆ ಆಸರೆ ಸಿಗುತ್ತದೆ. ಹೊನ್ನಾವರದಲ್ಲಿ ಶರಾವತಿ ನೋಡಲು ಸಮಾಧಾನದ ಹೊಳೆ, ಆದರೆ ಅಳಿವೆ ಬಾಯಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಾ ಇರುತ್ತದೆ, ಅಲ್ಲೇ ಹುಟ್ಟಿ ಬೆಳೆದ ಮೀನುಗಾರರ ದೋಣಿಗಳೇ ಮಗುಚಿದ್ದುಂಟು. ಕಾರವಾರದಲ್ಲಿ ಒಂದು ಎಚ್ಚರ ಬೇಕು: ತೆಂಕಣಕ್ಕೆ ಹೋದರೆ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ, ಅಂಜುದೀವ್ ದ್ವೀಪವೂ ಅವರದ್ದೇ. ಗಾಳಿ ಎಳೆದುಕೊಂಡು ಹೋಯಿತು ಅಂತ ಆ ಕಡೆ ಸುಳಿಯಬೇಡಿ. ದೋಣಿಯ ನೋಂದಣಿ, ಕರಾವಳಿ ಕಾವಲು ಪೊಲೀಸರಿಗೆ ಮಾಹಿತಿ, ಇವೆರಡೂ ಮೊದಲೇ ಆಗಲಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದಲ್ಲ, ಮಳೆಗಾಲದ ಆ ದಿನಗಳಲ್ಲಿ ನಿಮ್ಮದನ್ನೂ ದಡಕ್ಕೆ ಎಳೆದಿಡಬೇಕಾಗುತ್ತದೆ. ಬೈತಖೋಲದ ಮೀನುಗಾರರನ್ನು ಕೇಳಿ ಅದಕ್ಕೊಂದು ಜಾಗ ಗಟ್ಟಿ ಮಾಡಿಕೊಳ್ಳಿ, ಮನೆ ಆಮೇಲೆ ಹುಡುಕಿ.