ಸ್ಪೀಕರ್ ಕೊಳ್ಳುವಾಗ ಅಳತೆ ನಂಬಬೇಕೋ, ಕೇಳಿದವರ ಮಾತನ್ನೋ?

ಮೊದಲು ಉಪಕರಣದಿಂದ ಅಳೆದ ದನಿಯ ಅಳತೆ ನೋಡಿ, ಆಮೇಲೆ ನಿಮ್ಮ ಕಿವಿಗೆ ಕೊಡಿ. ಬರೀ "ಸೂಪರ್ ಇದೆ" ಅನ್ನುವ ಮಾತಿಗೆ ದುಡ್ಡು ಹಾಕಬೇಡಿ.

ಕಾರಣ ಇಷ್ಟೇ. ಎರಡು ಸ್ಪೀಕರ್‌ಗಳಲ್ಲಿ ಒಂದು 1 ಡೆಸಿಬೆಲ್ ಜೋರಾಗಿದ್ದರೂ ಸಾಕು, ನಮಗದು "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಕಿವಿ ನನಗೂ ಕೈಕೊಟ್ಟಿದೆ. ಕಾಸರಗೋಡಿನ ಅಂಗಡಿಯೊಂದರಲ್ಲಿ ಒಂದು ಅಗ್ಗದ, ಒಂದು ದುಬಾರಿ ಸ್ಪೀಕರಿನಲ್ಲಿ ಯಕ್ಷಗಾನದ ರೆಕಾರ್ಡಿಂಗ್ ಹಾಕಿಸಿದೆ. ದುಬಾರಿಯದರಲ್ಲಿ ಚೆಂಡೆ ಎದುರಿಗೇ ಬಾರಿಸಿದಂತಿತ್ತು. ವಾಲ್ಯೂಮ್ ಸಮ ಮಾಡಿ ಕಣ್ಣು ಮುಚ್ಚಿದೆ ನೋಡಿ, ಯಾವುದು ಯಾವುದೆಂದೇ ತಿಳಿಯಲಿಲ್ಲ!

ಅಳತೆ ಅಂದರೆ ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಬರೆಯುವ) ವ್ಯಾಟ್ ಅಲ್ಲ, ಅದು ಸುಮ್ನೆ ಜಾಹೀರಾತು. ನೋಡಬೇಕಾದ್ದು ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫ್, ಅಂದರೆ ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಅನ್ನುವ ಗೆರೆ. ಅದು ಆದಷ್ಟು ಸಮತಟ್ಟಾಗಿರಲಿ. 3,000 ಹರ್ಟ್ಸ್ ಸುತ್ತ ನಮ್ಮ ಕಿವಿ ತುಂಬ ಸೂಕ್ಷ್ಮ. ಅಲ್ಲಿ ಗೆರೆ ಗುಡ್ಡದಂತೆ ಎದ್ದಿದ್ದರೆ ಯಕ್ಷಗಾನದ ಚಕ್ರತಾಳದ (ಲೋಹದ ತಾಳ) ಸದ್ದು ಅರ್ಧ ಗಂಟೆಯಲ್ಲೇ ತಲೆನೋವು ತರಿಸುತ್ತದೆ.

ಆದರೆ ಗ್ರಾಫಿಗೆ ನಿಮ್ಮ ಕೋಣೆ ಗೊತ್ತಿಲ್ಲ ಅಲ್ವಾ? ಖಾಲಿ ತಾರಸಿ ಮನೆಯಲ್ಲಿ ಮದ್ದಳೆ ಗುಂಯ್‌ಗುಡಬಹುದು. ವಾಪಸ್ ತಗೊಳ್ಳುವ ಅಂಗಡಿಯಾದರೆ ಮನೆಗೆ ತಂದು ಕೇಳಿ.