ಬಾಯಿ ಬಿಡದ ಹುಡುಗನಿಗೆ ತಲೆ ಓಡಲ್ವಾ?

ಪತ್ರ: ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಮಗನನ್ನು ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆವು. ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲವಂತೆ. ‘ತಲೆ ಓಡಲ್ಲ’ ಅಂದರು ಟೀಚರ್. ನಮ್ಮ ಆಲೆಮನೆಯ ಲೆಕ್ಕವನ್ನೆಲ್ಲ ಅವನೇ ಬರೆದಿಡುತ್ತಾನೆ. ಮಾತು ಬರದಿದ್ದರೆ ಬುದ್ಧಿಯೂ ಕಮ್ಮಿ ಅಂತಲಾ?
– ಒಬ್ಬ ತಾಯಿ, ಮಂಡ್ಯ ತಾಲ್ಲೂಕು

ತಾಯಿ, ನಿಮ್ಮ ಪತ್ರ ಓದಿ ಸಂಕಟವಾಯಿತು. ಆಲೆಮನೆಯ ಲೆಕ್ಕ ಬರೆಯುವ ಹುಡುಗನಿಗೆ ತಲೆ ಓಡಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಟೀಚರ್‌ಗೆ ಹಾಗನ್ನಿಸಲು ಕಾರಣ ಇದೆ. 1904ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಶಾಲಾ ಮಕ್ಕಳ ಅಂಕಗಳನ್ನು ಹೋಲಿಸಿ ನೋಡಿದರು. ಭಾಷೆಯಲ್ಲಿ ಮುಂದಿದ್ದವರು ಸಾಮಾನ್ಯವಾಗಿ ಲೆಕ್ಕದಲ್ಲೂ ಮುಂದಿದ್ದರು. ಆದರೆ ಆ ಮಕ್ಕಳು ಓದಿದ್ದು ಮನೆಮಾತಿನಲ್ಲಿ, ಅಲ್ವಾ?

ಮಾತು ಬರದಿದ್ದರೆ ಬುದ್ಧಿಯೂ ಇಲ್ಲ ಅಂತೇನಿಲ್ಲ. ಪ್ಯಾರಿಸ್ಸಿನ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿದ್ದ. ಏನು ಕೇಳಿದರೂ ‘ತಾನ್, ತಾನ್’ ಅನ್ನುತ್ತಿದ್ದ. 1861ರಲ್ಲಿ ಡಾಕ್ಟರ್ ಪಾಲ್ ಬ್ರೋಕಾ ಅವನನ್ನು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದರು. ಅವನು ಒಂದು ಕೈಯನ್ನು ನಾಲ್ಕು ಸಲ ಬಿಚ್ಚಿ ತೋರಿಸಿದ. ಆಮೇಲೆ ಒಂದೇ ಬೆರಳು ಎತ್ತಿದ. 21. ಲೆಕ್ಕ ಸರಿಯಾಗಿತ್ತು! ಮತ್ತೆ ಮತ್ತೆ ಅದನ್ನೇ ಕೇಳಿದಾಗ ಅವನಿಗೆ ಸಿಟ್ಟು ಬಂತು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನುವುದೂ ಅವನಿಗೆ ಗೊತ್ತಾಗಿತ್ತು. ಮಾತು ಹೋಗಿತ್ತು, ಮನಸ್ಸು ಅಲ್ಲೇ ಇತ್ತು.

2005ರಲ್ಲಿ ಇಂಗ್ಲೆಂಡಿನ ಸಂಶೋಧಕಿ ರೋಸ್‌ಮೇರಿ ವಾರ್ಲಿ ಮತ್ತು ಜೊತೆಯವರು ಮಿದುಳಿಗೆ ಪೆಟ್ಟಾದ ಮೂವರನ್ನು ಪರೀಕ್ಷಿಸಿದರು. ಯಾರು ಯಾರಿಗೆ ಹೊಡೆದರು ಅನ್ನುವಂಥ ವಾಕ್ಯವೂ ಅವರಿಗೆ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಆದರೂ ಕೂಡುವುದು, ಕಳೆಯುವುದು ಬರುತ್ತಿತ್ತು.

ನೀವೇ ಮನೆಯಲ್ಲಿ ನೋಡಿ. ‘ಒಂದು ಟನ್ ಕಬ್ಬಿಗೆ 100 ಕೆಜಿ ಬೆಲ್ಲ ಬಂದರೆ ಮೂರೂವರೆ ಟನ್ನಿಗೆ ಎಷ್ಟು?’ ಎಂದು ಮಗನನ್ನು ಕೇಳಿ. ಆಮೇಲೆ ಅದೇ ಥರದ ಲೆಕ್ಕವನ್ನು ಅವನ ಇಂಗ್ಲಿಷ್ ಪುಸ್ತಕದಲ್ಲಿ ತೋರಿಸಿ. ಯಾವ ಪದದ ಹತ್ತಿರ ನಿಲ್ಲುತ್ತಾನೆ, ಗಮನಿಸಿ. ಕಲಿಸಬೇಕಾದ್ದು ಆ ಪದ. ಒಂದೊಂದಾಗಿ ಕಲಿಯುತ್ತಾನೆ, ಅವಸರ ಬೇಡ. ಸುಮ್ನೆ ಬೈಯಲೂ ಬೇಡಿ. ಮನೆಯಲ್ಲಿ ಕನ್ನಡ ಬಿಡಬೇಡಿ.

ಮನೆಯಲ್ಲೂ ಮಾತು ಕಮ್ಮಿಯಾಗಿದ್ದರೆ, ಕರೆದರೆ ತಿರುಗದಿದ್ದರೆ, ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ನಿಮಗೆ ದೂರವೇನಲ್ಲ.

ಮುಂದಿನ ಸಲ ಟೀಚರ್ ಹತ್ತಿರ ಹೋಗುವಾಗ, ಅವನು ಬರೆದ ಆಲೆಮನೆಯ ಲೆಕ್ಕದ ಪುಸ್ತಕವನ್ನೂ ತೆಗೆದುಕೊಂಡು ಹೋಗಿ, ತಾಯಿ.

– ಸಂಪಾದಕ