ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅಡುಗೆಮನೆಗೆ ಬಂದರೆ: ಓದುಗರ ಪ್ರಶ್ನೆಗಳು

ಪ್ರಶ್ನೆ: ಕೋಳಿ ಮಾಂಸದಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇರುತ್ತವಂತೆ. ಬೇಯಿಸಿದರೂ ಅವು ಸಾಯುವುದಿಲ್ಲವೇ? ನಾವು ಅರಿಶಿನ, ಉಪ್ಪು ಸವರಿ ನಾಲ್ಕು ಸಲ ತೊಳೆಯುತ್ತೇವೆ. ಸಾಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಯುತ್ತವೆ. ಔಷಧವನ್ನು ತಡೆದುಕೊಳ್ಳುವ ಶಕ್ತಿ ಬಿಸಿಯ ಮುಂದೆ ಕೆಲಸಕ್ಕೆ ಬರುವುದಿಲ್ಲ. ಸಾಲ್ಮೊನೆಲ್ಲಾ ಇರಲಿ, ಇ. ಕೋಲಿ ಇರಲಿ, ತುಂಡಿನ ಅತಿ ದಪ್ಪ ಭಾಗದ ಒಳಗೆ 75 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಔಷಧಕ್ಕೆ ಬಗ್ಗುವವೂ ಬಗ್ಗದವೂ ಒಟ್ಟಿಗೇ ನಾಶವಾಗುತ್ತವೆ. ಚೆನ್ನಾಗಿ ಕುದಿದ ಸಾರಿನ ಬಗ್ಗೆ ಚಿಂತೆ ಬೇಡ. ಎಡವಟ್ಟಾಗುವುದು ಕಬಾಬ್‌ನಲ್ಲಿ: ಫ್ರೀಜರ್‌ನಿಂದ ತೆಗೆದ ತುಂಡು ಪೂರ್ತಿ ಕರಗುವ ಮೊದಲೇ ಎಣ್ಣೆಗೆ ಬಿದ್ದರೆ ಹೊರಗೆ ಕೆಂಪಗಾಗುತ್ತದೆ, ಮೂಳೆಯ ಪಕ್ಕ ಹಸಿಯಾಗಿಯೇ ಉಳಿಯುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳತಟ್ಟೆಯಲ್ಲಿ, ಮುಚ್ಚಿದ ಪಾತ್ರೆಯಲ್ಲಿಟ್ಟು ಕರಗಿಸಿ. ಫ್ರೀಜರ್‌ನ ಚಳಿಗೆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆಯೇ ಹೊರತು ಎಲ್ಲವೂ ಸಾಯುವುದಿಲ್ಲ.

ನಮ್ಮ ತಕರಾರು ಇರುವುದು ನಿಮ್ಮ ತೊಳೆಯುವಿಕೆಯ ಬಗ್ಗೆ. ಅರಿಶಿನ, ಉಪ್ಪು ವಾಸನೆ ಕಳೆಯಬಹುದು, ಬ್ಯಾಕ್ಟೀರಿಯಾವನ್ನಲ್ಲ. ನಲ್ಲಿ ನೀರು ಮಾಂಸಕ್ಕೆ ಬಡಿದು ಹನಿಗಳು ಸಿಂಕು, ಕಟ್ಟೆ, ಪಕ್ಕದ ಕೊತ್ತಂಬರಿ ಸೊಪ್ಪಿನ ಮೇಲೆಲ್ಲ ಸಿಡಿಯುತ್ತವೆ. ತೊಳೆಯದೇ ಬೇಯಿಸುವುದೇ ಒಳ್ಳೆಯದು. ಪುಕ್ಕ, ರಕ್ತ ಅಂಟಿದ್ದರೆ ಅಗಲ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ನೀರನ್ನು ಸಿಡಿಯದಂತೆ ಚೆಲ್ಲಿ, ಸಿಂಕನ್ನು ಸೋಪು, ಬಿಸಿನೀರು ಹಾಕಿ ಉಜ್ಜಿ. ಕೈಗೆ ಸೋಪು ಹಚ್ಚಿ 20 ಸೆಕೆಂಡು ತೊಳೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಕೋಳಿ ಕತ್ತರಿಸಿದ ಮಣೆ, ಚಾಕುವಿನಲ್ಲೇ ಕಬಾಬ್ ಜೊತೆ ತಿನ್ನುವ ಈರುಳ್ಳಿ, ನಿಂಬೆಹಣ್ಣು ಹೆಚ್ಚಬೇಡಿ. ಮಾಂಸ ಬೆಂದಿರುತ್ತದೆ, ಈರುಳ್ಳಿ ಬೆಂದಿರುವುದಿಲ್ಲವಲ್ಲ.

ಹಾಗೆ ಹೊಟ್ಟೆ ಸೇರಿದ ಬ್ಯಾಕ್ಟೀರಿಯಾ ಆ ದಿನವೇ ಭೇದಿ ತರಬೇಕೆಂದಿಲ್ಲ. ಕರುಳಿನಲ್ಲಿ ನೆಲೆಸಿ, ಔಷಧ ತಡೆಯುವ ಜೀನನ್ನು ಅಲ್ಲಿನ ಇತರ ಬ್ಯಾಕ್ಟೀರಿಯಾಗಳಿಗೆ ದಾಟಿಸಬಹುದು. ಮುಂದೆ ಎಂದೋ ಮೂತ್ರದ ಸೋಂಕಾದಾಗ ಮಾಮೂಲಿ ಮಾತ್ರೆ ಕೆಲಸ ಮಾಡದೇ ಹೋಗಬಹುದು. ಬೇರೆ ಔಷಧಗಳು ಫಲಿಸದಾಗ ಕೊನೆಗೆ ಕೊಡುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ತಡೆಯುವ, ಹೀಗೆಯೇ ದಾಟಬಲ್ಲ ಎಂಸಿಆರ್-1 ಜೀನ್ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಸಿಕ್ಕಿದ್ದು 2015ರಲ್ಲಿ ವರದಿಯಾಯಿತು. ಭಾರತವು 2019ರಲ್ಲಿ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ಪ್ರಶ್ನೆ: ಕೆಚ್ಚಲು ಬಾವಿಗೆ ಒಂದೇ ತೊಟ್ಟಿಗೆ ಔಷಧದ ಟ್ಯೂಬು ಹಾಕಿಸಿದ್ದೇವೆ. ಉಳಿದ ಮೂರರ ಹಾಲನ್ನು ಕಾಯಿಸಿ ಬಳಸಬಹುದೇ?
– ಹಾಲು ಉತ್ಪಾದಕರು, ಹಾಸನ ಜಿಲ್ಲೆ

ಉತ್ತರ: ಬೇಡ. ಔಷಧ ರಕ್ತಕ್ಕೆ ಸೇರಿ ಉಳಿದ ತೊಟ್ಟುಗಳ ಹಾಲಿಗೂ ಬರಬಹುದು. ಇಲ್ಲಿ ಮೇಲಿನ ಉತ್ತರ ತಿರುಗುಮುರುಗು: ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧದ ಶೇಷ ಬಹುಪಾಲು ಉಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಗಟ್ಟಿಯಾಗದೇ ಇರಬಹುದು, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಔಷಧ ತಡೆಯುತ್ತದೆ. ಹಾಗೆಂದು ಮೊಸರು ಗಟ್ಟಿಯಾದರೆ ಹಾಲು ಶುದ್ಧ ಎಂದುಕೊಳ್ಳಬೇಡಿ.

ಟ್ಯೂಬಿನ ಪೊಟ್ಟಣದ ಮೇಲೆ ಎಷ್ಟು ದಿನ ಹಾಲು ಬಳಸದೇ ಬಿಡಬೇಕೆಂದು ಬರೆದಿರುತ್ತದೆ. ಕೊನೆಯ ಡೋಸಿನಿಂದ ಎಣಿಸಿ, ಮೊದಲನೆಯದರಿಂದಲ್ಲ. ಬರೆದಿಲ್ಲವಾದರೆ ನಮ್ಮ ದೇಶದ ನಿಯಮದಂತೆ ಹಾಲಿಗೆ, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಆ ಹಾಲನ್ನು ಡೇರಿಗೂ ಹಾಕಬೇಡಿ, ‘ಚೆಲ್ಲುವ ಬದಲು’ ಎಂದು ಕರುವಿಗೂ ಕುಡಿಸಬೇಡಿ. ಅಲ್ಪ ಪ್ರಮಾಣದ ಔಷಧ ಕರುವಿನ ಕರುಳಿಗೆ ಹೋಗುತ್ತಿದ್ದರೆ ಅಲ್ಲಿ ಬಗ್ಗದ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆಯುತ್ತವೆ, ಸಗಣಿಯ ಮೂಲಕ ಕೊಟ್ಟಿಗೆಗೂ ಹೊಲಕ್ಕೂ ಹರಡುತ್ತವೆ.

ಪ್ರಶ್ನೆ: ‘ಆಂಟಿಬಯೋಟಿಕ್ ಮುಕ್ತ’ ಎಂದು ಬರೆದ ಕೋಳಿ ಕೊಂಡರೆ ಈ ರಗಳೆ ಇಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಮಾತು ಔಷಧದ ಬಗ್ಗೆ ಮಾತ್ರ. ಕೊಯ್ಯುವಲ್ಲಿ, ಸಾಗಿಸುವಲ್ಲಿ, ಅಂಗಡಿಯ ಮರದ ದಿಮ್ಮಿಯ ಮೇಲೆ ಬ್ಯಾಕ್ಟೀರಿಯಾ ಅಂಟಬಹುದು. ಮಣೆ, ಚಾಕು, ಸಿಂಕಿನ ವಿಷಯದಲ್ಲಿ ಅದಕ್ಕೂ ವಿನಾಯಿತಿ ಇಲ್ಲ.